ಮೊದಲು ವಾರ್ಡಿಗೆ ಹೋಗಿ, ಸಿನಾಪ್ಸಿಸ್ ಆಮೇಲೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಡಾಕ್ಟರೇಟ್ ಮಾಡುತ್ತಿರುವ ನರ್ಸ್‌ಗಳದ್ದು, ಇಲ್ಲವೇ ಅವರಿಂದ ಬೇಸತ್ತ ಆಸ್ಪತ್ರೆಯವರದ್ದು. ಹಾಗಾಗಿ ಇನ್ಸುಲಿನ್, ಮಕ್ಕಳ ಜ್ವರ, ಬಾಣಂತಿ ಪಥ್ಯದ ಪ್ರಶ್ನೆಗಳು ಮುಂದಿನ ಸಂಚಿಕೆಗೆ. ನಾನು ಎರಡೂ ಕಡೆ ಕೂತವಳು. ಮೊದಲು ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್, ಆಮೇಲೆ ಕಾಲೇಜಿನಲ್ಲಿ ಗೈಡ್. ಅನುಮತಿ ಕೇಳುವ ಪತ್ರಗಳನ್ನು ಬರೆಸಿದ್ದೇನೆ, ಅಂಥ ಪತ್ರಗಳಿಗೆ ಆಗುವುದಿಲ್ಲ ಎಂದೂ ಹೇಳಿದ್ದೇನೆ.

ಮೇಡಂ, ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಿಎಚ್.ಡಿ. ಮಾಡುತ್ತಿದ್ದೇನೆ. ಐಸಿಯು ರೋಗಿಗಳಿಗೆ ಬೆಡ್‌ಸೋರ್ ಆಗದಂತೆ ನೋಡಿಕೊಳ್ಳುವ ಕೇರ್ ಬಂಡಲ್, ಅಂದರೆ ಒಟ್ಟಿಗೆ ಮಾಡಬೇಕಾದ ಕೆಲವು ಆರೈಕೆ ಕ್ರಮಗಳು, ನನ್ನ ವಿಷಯ. ನಮ್ಮೂರಿನ ದೊಡ್ಡ ಖಾಸಗಿ ಆಸ್ಪತ್ರೆಗೆ ಸಿನಾಪ್ಸಿಸ್ (ಸಂಶೋಧನೆಯ ಯೋಜನೆ) ಜೊತೆ ಪತ್ರ ಕೊಟ್ಟು ತಿಂಗಳುಗಳೇ ಆದವು. ಹೋದಾಗಲೆಲ್ಲ ‘ಎಂ.ಡಿ. ಸರ್ ಟೇಬಲ್ ಮೇಲಿದೆ’ ಅನ್ನುತ್ತಾರೆ. ಗೈಡ್ ‘ಬೇರೆ ಆಸ್ಪತ್ರೆ ನೋಡಿಕೋ’ ಅಂತಾರೆ. ಏನು ಮಾಡಲಿ?
– ಓದುಗಿ, ಹುಬ್ಬಳ್ಳಿ

ಬೇರೆ ಆಸ್ಪತ್ರೆಗೆ ಹೋದರೆ ಅಲ್ಲಿಯೂ ಒಂದು ಟೇಬಲ್ ಇರುತ್ತದಮ್ಮ. ಜಾಗ ಬದಲಾಯಿಸುವ ಮೊದಲು ದಾರಿ ಬದಲಾಯಿಸಿ.

ನೀವು ಮೇಲಿಂದ ಶುರು ಮಾಡಿದ್ದೀರಿ. ಎಂ.ಡಿ.ಗೆ ನಿಮ್ಮ ಸಿನಾಪ್ಸಿಸ್ ಓದಲು ಪುರುಸೊತ್ತಿಲ್ಲ. ಓದಿದರೂ ಅವರು ಮಾಡುವುದು ಒಂದೇ: ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಫೋನ್ ಮಾಡಿ ‘ಇದೇನು ನೋಡಿ’ ಅನ್ನುವುದು. ಸೂಪರಿಂಟೆಂಡೆಂಟ್‌ಗೆ ನೀವು ಯಾರೆಂದೇ ಗೊತ್ತಿಲ್ಲದಿದ್ದರೆ ‘ಈಗ ಸ್ಟಾಫ್ ಕಮ್ಮಿ ಸರ್’ ಎಂಬ ಉತ್ತರ ಬಾಯಲ್ಲೇ ಇರುತ್ತದೆ. ಅದು ಸುಳ್ಳೂ ಅಲ್ಲ. ಹಾಗಾಗಿ ಮೊದಲು ಸೂಪರಿಂಟೆಂಡೆಂಟ್ ಅವರನ್ನು ಕಾಣಿ. ಅವರ ಒಪ್ಪಿಗೆ ಪಡೆದು ಐಸಿಯು ಇನ್-ಚಾರ್ಜ್ ಸಿಸ್ಟರ್ ಹತ್ತಿರ ಕೂತು ಮಾತಾಡಿ. ಬೆಳಗಿನ ಹ್ಯಾಂಡೋವರ್ ಹೊತ್ತಿಗೆ ಹೋಗಬೇಡಿ, ಡಾಕ್ಟರ್ ರೌಂಡ್ಸ್ ಹೊತ್ತಿಗೂ ಬೇಡ. ಮಧ್ಯಾಹ್ನ ಊಟ ಮುಗಿಸಿ ಅವರು ಇಂಡೆಂಟ್ ಬರೆಯುತ್ತಾ ಕೂತಿರುತ್ತಾರಲ್ಲ, ಆಗ ಹೋಗಿ.

ಹೋಗಿ ನಿಮ್ಮ ಬಂಡಲ್ ವಿವರಿಸಬೇಡಿ. ‘ನಿಮ್ಮ ಐಸಿಯುನಲ್ಲಿ ಬೆಡ್‌ಸೋರ್ ಯಾವಾಗ ಆಗುತ್ತದೆ ಸಿಸ್ಟರ್?’ ಎಂದು ಕೇಳಿ, ಸುಮ್ನೆ ಕೇಳಿಸಿಕೊಳ್ಳಿ. ಸಾಧ್ಯವಾದರೆ ಒಂದು ರಾತ್ರಿ ಪಾಳಿ ಅಲ್ಲೇ ಇದ್ದು ನೋಡಿ. ಯಾಕೆಂದು ಹೇಳುತ್ತೇನೆ.

ಹಾಸಿಗೆ ಹಿಡಿದ ರೋಗಿಯ ಮಗ್ಗುಲು ಬದಲಿಸಿದ್ದಕ್ಕೆ ಒಂದು ಚಾರ್ಟ್ ಇರುತ್ತದೆ. ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು, ಆರು. ಎಡ, ಬೆನ್ನು, ಬಲ, ಬೆನ್ನು, ಎಡ. ಬೆಳಿಗ್ಗೆ ಆ ಚಾರ್ಟ್ ಕೈಗೆತ್ತಿಕೊಂಡು ಸಹಿಗಳನ್ನು ನೋಡಿ. ಎಷ್ಟೋ ಸಲ ಐದೂ ಒಂದೇ ಪೆನ್ನಿನವು. ಒಂದೇ ವಾಲಿಕೆ, ಒಂದೇ ಒತ್ತು. ಹತ್ತು ಗಂಟೆಯ ಸಹಿಗೂ ಆರು ಗಂಟೆಯ ಸಹಿಗೂ ಆಯಾಸದ ವ್ಯತ್ಯಾಸವೇ ಇರುವುದಿಲ್ಲ. ಹ್ಯಾಂಡೋವರ್‌ಗೆ ಮುಂಚೆ ಒಟ್ಟಿಗೆ ಹಾಕಿದ್ದು ಅದು. ಹಾಗಂತ ಆ ನರ್ಸ್ ಮಲಗಿದ್ದರು ಅಂದುಕೊಳ್ಳಬೇಡಿ. ಎಪ್ಪತ್ತೆಂಬತ್ತು ಕಿಲೋ ತೂಕದ, ವೆಂಟಿಲೇಟರ್ ಮೇಲಿರುವ ರೋಗಿಯನ್ನು ಒಬ್ಬರೇ ಹೊರಳಿಸಲು ಆಗುವುದಿಲ್ಲ. ಟ್ಯೂಬ್ ಹಿಡಿಯಲು ಒಬ್ಬರು, ಸೊಂಟ ಹಿಡಿಯಲು ಒಬ್ಬರು ಬೇಕು. ಪಕ್ಕದ ಬೆಡ್‌ನವರಿಗೆ ಸಕ್ಷನ್ ನಡೆಯುತ್ತಿರುತ್ತದೆ. ಆಯಾ ಸ್ಯಾಂಪಲ್ ಕೊಡಲು ಲ್ಯಾಬಿಗೆ ಹೋಗಿರುತ್ತಾರೆ. ಹನ್ನೆರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಹೊರಳಿಸಿರುತ್ತಾರೆ, ಐದು ಸಲ ಬರೆದಿರುತ್ತಾರೆ.

ನೀವು ಕಾಲೇಜಿನಲ್ಲಿ ಕೂತು ‘ಚಾರ್ಟ್ ಆಧಾರದ ಮೇಲೆ ಬಂಡಲ್ ಪಾಲನೆ ಅಳೆಯುವುದು’ ಎಂದು ಬರೆದಿದ್ದರೆ, ನಿಮ್ಮ ಪಾಲನೆ ನೂರಕ್ಕೆ ನೂರು ಬರುತ್ತದೆ, ಬೆಡ್‌ಸೋರ್ ಮಾತ್ರ ಹಾಗೇ ಇರುತ್ತದೆ. ಆಮೇಲೆ ವೈವಾದಲ್ಲಿ ‘ಬಂಡಲ್ ಕೆಲಸ ಮಾಡಲಿಲ್ಲ’ ಎಂದು ಹೇಳುತ್ತೀರಿ. ಮಾಡಿದ್ದರೆ ತಾನೆ ಕೆಲಸ ಮಾಡುವುದು? ಇನ್-ಚಾರ್ಜ್ ಸಿಸ್ಟರ್‌ಗೆ ಇದೆಲ್ಲ ಗೊತ್ತು. ನಿಮ್ಮ ಗೈಡ್‌ಗೆ ಗೊತ್ತಿಲ್ಲದಿರಬಹುದು, ವಾರ್ಡ್ ಬಿಟ್ಟು ಎಷ್ಟು ವರ್ಷ ಆಯಿತೋ ಏನೋ.

ಡ್ಯೂಟಿ ರೋಸ್ಟರ್ ಕೂಡ ಕೇಳಿ ನೋಡಿ. ಒಂದೇ ಐಸಿಯುನಲ್ಲಿ ಅರ್ಧ ರೋಗಿಗಳಿಗೆ ಬಂಡಲ್, ಇನ್ನರ್ಧಕ್ಕೆ ಮಾಮೂಲಿ ಆರೈಕೆ ಎಂದು ನೀವು ಬರೆದಿದ್ದರೆ ಅದು ಕೆಲಸಕ್ಕೆ ಬಾರದು. ಇವತ್ತು ಮೂರನೇ ಬೆಡ್ ನೋಡಿದ ನರ್ಸ್ ನಾಳೆ ಏಳನೇ ಬೆಡ್‌ನಲ್ಲಿ ಇರುತ್ತಾರೆ. ಕಲಿತದ್ದನ್ನು ಆ ಬೆಡ್‌ಗೆ ಬಂದಾಗ ಮರೆಯಿರಿ ಎಂದು ಹೇಳಲು ಆಗುತ್ತದೆಯೇ? ಹೇಳಬಾರದು ಕೂಡ. ಎರಡು ಬೇರೆ ಐಸಿಯು ಇದ್ದು, ಅವೆರಡರ ಮಧ್ಯೆ ಸ್ಟಾಫ್ ಅದಲುಬದಲು ಆಗುವುದಿಲ್ಲವೇ ಎಂದು ಖಾತ್ರಿ ಮಾಡಿಕೊಳ್ಳಿ. ಇಲ್ಲದಿದ್ದರೆ ಮೊದಲು-ನಂತರ ಎಂದು ಹೋಲಿಸಿ. ಇನ್ನೊಂದು ತಾಪತ್ರಯ ಇದೆ. ನೀವು ಜೂನ್‌ನಲ್ಲಿ ತರಬೇತಿ ಕೊಟ್ಟ ಹುಡುಗಿಯರಲ್ಲಿ ಹಲವರು ವರ್ಷದ ಕೊನೆಗೆ ಗಲ್ಫ್, ಬ್ರಿಟನ್, ಜರ್ಮನಿ ಎಂದು ಹೊರಟಿರುತ್ತಾರೆ. ಯಾರ ಬಾಂಡ್ ಯಾವಾಗ ಮುಗಿಯುತ್ತದೆ ಎಂಬ ಲೆಕ್ಕ ಇನ್-ಚಾರ್ಜ್ ತಲೆಯಲ್ಲಿ ಇರುತ್ತದೆ. ತರಬೇತಿಯನ್ನು ಒಮ್ಮೆ ಕೊಟ್ಟು ಮುಗಿಸದೆ, ಹೊಸಬರು ಬಂದಾಗಲೆಲ್ಲ ಕೊಡುವ ಹಾಗೆ ಯೋಜನೆ ಮಾಡಿ.

ಇಷ್ಟಾದ ಮೇಲೆ ಸಿನಾಪ್ಸಿಸ್ ತಿದ್ದಿ. ಅದರ ಮೇಲೆ ಒಂದೇ ಒಂದು ಪುಟ ಬರೆಯಿರಿ. ಪಾಳಿಗೆ ಎಷ್ಟು ನಿಮಿಷದ ಹೆಚ್ಚುವರಿ ಕೆಲಸ, ಯಾರು ಮಾಡಬೇಕು, ಏನು ಖರ್ಚು, ಯಾರು ಭರಿಸುತ್ತಾರೆ, ಯಾವ ತಿಂಗಳು ಶುರು, ಯಾವಾಗ ಮುಗಿತಾಯ, ಮುಗಿದ ಮೇಲೆ ಆಸ್ಪತ್ರೆಗೆ ಏನು ಉಳಿಯುತ್ತದೆ. ಖರ್ಚಿನ ವಿಷಯ ಮುಚ್ಚಿಡಬೇಡಿ. ಬಂಡಲ್‌ನಲ್ಲಿ ಏರ್ ಬೆಡ್ ಸೇರಿಸಿದ್ದರೆ ಅದನ್ನು ರೋಗಿಯ ಬಿಲ್‌ಗೆ ಹಾಕುವಂತಿಲ್ಲ. ಸಂಶೋಧನೆಗೆಂದು ಆಗುವ ಖರ್ಚು ರೋಗಿಯ ತಲೆಗೆ ಬೀಳಬಾರದು ಎಂದು ಐಸಿಎಂಆರ್‌ನ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, 2017ರ ಎಥಿಕ್ಸ್ ಮಾರ್ಗಸೂಚಿಯೇ ಹೇಳುತ್ತದೆ.

ಎಥಿಕ್ಸ್ ಮಾತು ಬಂತಲ್ಲ, ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ವಿಷಯವನ್ನೂ ಹೇಳಿಬಿಡುತ್ತೇನೆ. ನಿಮ್ಮ ಕಾಲೇಜಿನ ಕಮಿಟಿ ಒಪ್ಪಿದೆ ಎಂದರೆ ಆಸ್ಪತ್ರೆಯ ಕಮಿಟಿ ಒಪ್ಪಿದಂತೆ ಅಲ್ಲ. ರೋಗಿ ಇರುವುದು ಅಲ್ಲಿ, ಹೊಣೆಯೂ ಅವರದು. ಕಮಿಟಿಯಲ್ಲಿ 7ರಿಂದ 15 ಜನ ಇರುತ್ತಾರೆ, ಅಧ್ಯಕ್ಷರು ಸಂಸ್ಥೆಯ ಹೊರಗಿನವರು, ಕೋರಂಗೆ ಕಡಿಮೆ ಎಂದರೆ 5 ಜನ ಬೇಕು. ಎಷ್ಟೋ ಕಡೆ ಕಮಿಟಿ ತಿಂಗಳು ತಿಂಗಳು ಸೇರುವುದೇ ಇಲ್ಲ. ಮುಂದಿನ ಮೀಟಿಂಗ್ ಎಂದು, ಎಷ್ಟು ದಿನ ಮುಂಚೆ ಕಡತ ಕೊಡಬೇಕು ಎಂದು ಮೆಂಬರ್ ಸೆಕ್ರೆಟರಿ ಅವರನ್ನು ಈಗಲೇ ಕೇಳಿ ಇಟ್ಟುಕೊಳ್ಳಿ. ‘ಡೇಟಾ ತಗೊಂಡುಬಿಡೋಣ, ಪತ್ರ ಆಮೇಲೆ ಬರುತ್ತೆ’ ಎಂಬ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಹಿಂದಿನ ತಾರೀಖಿಗೆ ಒಪ್ಪಿಗೆ ಕೊಡುವ ಕ್ರಮ ಇಲ್ಲ. ನಿಮ್ಮದು ರೋಗಿಯ ಮೇಲೆ ಪ್ರಯೋಗ ಮಾಡಿ ನೋಡುವ ಅಧ್ಯಯನ, ಹಾಗಾಗಿ ಸಿಟಿಆರ್‌ಐನಲ್ಲಿ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಹೆಸರು ದಾಖಲಿಸಿ. 2018ರ ಏಪ್ರಿಲ್ 1ರಿಂದ ಅಲ್ಲಿ ತಡವಾಗಿ ಬಂದವರನ್ನು ಸೇರಿಸುವುದಿಲ್ಲ. ದುಡ್ಡೇನೂ ಕಟ್ಟಬೇಕಿಲ್ಲ.

ನಾನು ಖಾಸಗಿ ಆಸ್ಪತ್ರೆಯೊಂದರ ನರ್ಸಿಂಗ್ ಸೂಪರಿಂಟೆಂಡೆಂಟ್. ವರ್ಷವಿಡೀ ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳು ಪ್ರಶ್ನಾವಳಿ ಹಿಡಿದುಕೊಂಡು ಬರುತ್ತಾರೆ. ನಮ್ಮ ಹುಡುಗಿಯರು ಡ್ಯೂಟಿ ಮಧ್ಯೆ ಟಿಕ್ ಹಾಕಿ ಕೊಡಬೇಕು. ಕೆಲಸ ಮುಗಿದ ಮೇಲೆ ಒಂದು ಫೋನ್ ಕೂಡ ಇಲ್ಲ. ಇದರಿಂದ ನಮಗೇನು ಲಾಭ? ಬೇಡ ಎಂದರೆ ‘ನರ್ಸಿಂಗ್‌ಗೆ ನರ್ಸೇ ಶತ್ರು’ ಅನ್ನುತ್ತಾರೆ.
– ಓದುಗಿ, ಮಂಗಳೂರು

ಬೇಡ ಎನ್ನುವ ಹಕ್ಕು ನಿಮಗಿದೆ. ಆದರೆ ಬೇಡ ಎನ್ನುವುದಕ್ಕಿಂತ ಶರತ್ತು ಹಾಕುವುದು ಲಾಭದ ಕೆಲಸ.

ಈ ದೂರು ಹೊಸದಲ್ಲ, ನಮ್ಮ ದೇಶದ್ದು ಮಾತ್ರವೂ ಅಲ್ಲ. ಕಲಿಸುವವರು ಒಂದು ಕಟ್ಟಡದಲ್ಲಿ, ಕೆಲಸ ಮಾಡುವವರು ಇನ್ನೊಂದರಲ್ಲಿ ಆದಾಗಿನಿಂದ ಇದೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯಕ್ಕೆ 1972ರಲ್ಲಿ ಡೀನ್ ಆಗಿ ಬಂದ ಲೊರೆಟ್ಟಾ ಫೋರ್ಡ್, ಕಾಲೇಜು ಮತ್ತು ಆಸ್ಪತ್ರೆಯ ನರ್ಸಿಂಗ್ ಎರಡನ್ನೂ ಒಂದೇ ಆಡಳಿತದ ಕೆಳಗೆ ತಂದರು. ಪಾಠ ಹೇಳುವವರೇ ವಾರ್ಡಿನ ಹೊಣೆ ಹೊರಬೇಕು, ಸಂಶೋಧನೆ ಅಲ್ಲಿಂದಲೇ ಹುಟ್ಟಬೇಕು ಎಂಬುದು ಅವರ ಹಟ. ಚಿಕಾಗೋದ ರಶ್ ವಿಶ್ವವಿದ್ಯಾಲಯದಲ್ಲಿ ಲೂಥರ್ ಕ್ರಿಸ್ಟ್‌ಮನ್ ಕೂಡ ಅದೇ ಕಾಲಕ್ಕೆ ಅದೇ ಕೆಲಸ ಮಾಡಿದರು. ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿಯಲ್ಲಿ ಕಾಲೇಜಿನ ಶಿಕ್ಷಕಿಯರಿಗೆ ಆಸ್ಪತ್ರೆಯ ಜವಾಬ್ದಾರಿಯೂ ಇರುವ ಪದ್ಧತಿ ಬಹಳ ಕಾಲದಿಂದ ನಡೆದುಬಂದಿದೆ. ಅಂಥ ಕಡೆ ‘ಇದರಿಂದ ನಮಗೇನು’ ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ, ಯಾಕೆಂದರೆ ‘ನಾವು’ ಮತ್ತು ‘ಅವರು’ ಒಂದೇ ಜನ. ನಮ್ಮ ಹೆಚ್ಚಿನ ಕಾಲೇಜುಗಳಿಗೆ ಆಸ್ಪತ್ರೆ ಎಂದರೆ ಮಾನ್ಯತೆಗೆ ತೋರಿಸುವ ಕಾಗದ, ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕಳಿಸುವ ಜಾಗ. ಕಟುವಾಗಿ ಹೇಳಿದೆ ಅನಿಸಬಹುದು, ಆದರೆ ನಿಮಗೂ ಗೊತ್ತಿರುವ ಮಾತೇ ಅಲ್ವಾ?

ಆಡಳಿತ ಒಂದು ಮಾಡುವುದು ನಿಮ್ಮ ನನ್ನ ಕೈಯಲ್ಲಿಲ್ಲ. ಒಪ್ಪಂದ ಪತ್ರವೊಂದು ನಿಮ್ಮ ಕೈಯಲ್ಲಿದೆ. ಎಂಒಯು ಎಂದು ಕಾಲೇಜಿನವರು ತರುವ ಪತ್ರದಲ್ಲಿ ಬರೀ ಒಳ್ಳೆಯ ಮಾತುಗಳೇ ಇರುತ್ತವೆ, ಅದಕ್ಕೆ ಸಹಿ ಹಾಕುವ ಮೊದಲು ನಿಮ್ಮ ಸಾಲುಗಳನ್ನು ಸೇರಿಸಿ. ನಾನಾದರೆ ಮೊದಲು ಸೇರಿಸುವುದು ವಿಷಯದ ಪಟ್ಟಿ. ವರ್ಷಕ್ಕೊಮ್ಮೆ ನಿಮ್ಮ ಇನ್-ಚಾರ್ಜ್‌ಗಳನ್ನೆಲ್ಲ ಕೂರಿಸಿ ‘ನಿಮ್ಮ ವಾರ್ಡಿನ ತಲೆನೋವು ಯಾವುದು’ ಎಂದು ಕೇಳಿ ಬರೆದುಕೊಳ್ಳಿ. ರೋಗಿ ಬೀಳುವುದು, ಇನ್ಫ್ಯೂಷನ್ ಹಾಕಿದ ಕೈ ಊದುವುದು, ಡಿಸ್ಚಾರ್ಜ್ ದಿನ ಮಾತ್ರೆ ವಿವರಿಸಲು ಹೊತ್ತಿಲ್ಲದಿರುವುದು. ಆಸ್ಪತ್ರೆಗೆ ಎನ್‌ಎಬಿಎಚ್‌ನ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ ಬೆಡ್‌ಸೋರ್, ರೋಗಿ ಬಿದ್ದ ಪ್ರಕರಣ, ಸೋಂಕುಗಳ ಅಂಕಿಅಂಶ ಹೇಗೂ ತಿಂಗಳು ತಿಂಗಳು ತೆಗೆಯುತ್ತೀರಿ. ಆ ಪಟ್ಟಿಯನ್ನು ಕಾಲೇಜಿಗೆ ಕಳಿಸಿ: ‘ನಮಗೆ ಇವು ಬೇಕು, ಇದರಲ್ಲಿ ಯಾವುದನ್ನಾದರೂ ಆರಿಸಿಕೊಂಡವರಿಗೆ ಬಾಗಿಲು ತೆರೆದಿದೆ’. ಯಾರೂ ಕೇಳದ ವಿಷಯಕ್ಕೆ ನಾಲ್ಕು ವರ್ಷ ಕೊಡುವ ವಿದ್ಯಾರ್ಥಿಗೂ ಇದರಿಂದ ಉಪಕಾರವೇ.

ಆಸ್ಪತ್ರೆಯ ಕಡೆಯಿಂದ ಒಬ್ಬ ಸಹ-ಮಾರ್ಗದರ್ಶಕರು ಇರಲಿ ಎಂದೂ ಕೇಳಿ. ಯುಜಿಸಿ ನಿಯಮದಲ್ಲಿ ಸಹ-ಮಾರ್ಗದರ್ಶಕರಿಗೆ ಅವಕಾಶ ಇದೆ, ಆದರೆ ಅರ್ಹತೆ ಇರಬೇಕು. ನಿಮ್ಮಲ್ಲಿ ಪಿಎಚ್.ಡಿ. ಆದವರಿಲ್ಲದಿದ್ದರೆ ಆ ಹೆಸರು ಬೇಡ, ‘ಆಸ್ಪತ್ರೆಯ ಸಂಪರ್ಕ ವ್ಯಕ್ತಿ’ ಎಂದಾದರೂ ಒಬ್ಬ ಹಿರಿಯ ಸಿಸ್ಟರ್ ಇರಲಿ. ಅವರಿಗೆ ವಾರದಲ್ಲಿ ಒಂದಿಷ್ಟು ಹೊತ್ತು ರೋಸ್ಟರ್‌ನಲ್ಲೇ ಬಿಡಿ. ಊಟದ ಹೊತ್ತಿನಲ್ಲಿ ಮಾಡಿ ಎಂದರೆ ಅದು ಸಹಯೋಗ ಅಲ್ಲ, ಬಿಟ್ಟಿ ಚಾಕರಿ.

ಪ್ರಶ್ನಾವಳಿಗೆ ಹೊತ್ತು ನಿಗದಿ ಮಾಡಿ. ನಿಮ್ಮ ಕಡೆ ಮಲಯಾಳ ಮಾತಾಡುವ ನರ್ಸ್‌ಗಳು ಜಾಸ್ತಿ ಇರುತ್ತಾರೆ, ಈಗೀಗ ಈಶಾನ್ಯದ ಹುಡುಗಿಯರೂ ಬಂದಿದ್ದಾರೆ. ರೋಗಿಗೆ ಕನ್ನಡ, ತುಳು. ಯಾವ ಭಾಷೆಯ ನಮೂನೆ ಯಾರಿಗೆ ಎಂದು ಮೊದಲೇ ಕೇಳಿ. ಇನ್ನು ಕೇಸ್‌ಶೀಟ್ ಮಾತು. ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಗೈಡ್‌ಗೆ ಕಳಿಸುವ ಅಭ್ಯಾಸ ಎಲ್ಲ ಕಡೆ ಇದೆ. ನೇರವಾಗಿ ನಿಷೇಧಿಸಿ. ಹೆಸರು, ಐ.ಪಿ. ನಂಬರ್ ಬಿಟ್ಟು, ಬೇಕಾದಷ್ಟನ್ನು ಮಾತ್ರ ನಮೂನೆಯಲ್ಲಿ ಬರೆದುಕೊಳ್ಳಲಿ. ಯಾವ ಕೋಡ್ ಯಾವ ರೋಗಿಯದು ಎಂಬ ಪಟ್ಟಿ ಆಸ್ಪತ್ರೆಯ ಬೀರುವಿನಲ್ಲೇ ಇರಲಿ.

ಮುಗಿದ ಮೇಲೆ ಬರುವುದಿಲ್ಲ ಎಂಬ ದೂರಿಗೆ ಒಂದು ಮದ್ದು: ವಾರ್ಡಿನಲ್ಲಿ ಫಲಿತಾಂಶ ಹೇಳಿದ ಮೇಲೆಯೇ ‘ಅಧ್ಯಯನ ಪೂರ್ಣಗೊಂಡಿದೆ’ ಎಂಬ ಆಸ್ಪತ್ರೆಯ ಪ್ರಮಾಣಪತ್ರ. ಅರ್ಧ ಗಂಟೆ ಸಾಕು, ಎರಡು ಪಾಳಿಗೆ ಎರಡು ಸಲ. ಥೀಸಿಸ್‌ನ ಗಟ್ಟಿ ರಟ್ಟಿನ ಪ್ರತಿ ಬೇಡ, ಅದನ್ನು ಯಾರೂ ತೆರೆಯುವುದಿಲ್ಲ. ಎರಡು ಪುಟದ ಕನ್ನಡ ಅಥವಾ ಸರಳ ಇಂಗ್ಲಿಷ್ ವರದಿ ಕೇಳಿ.

ಆಂಟಿ, ನಾನು ಅಮೆರಿಕದ ಟೆಕ್ಸಾಸ್‌ನಲ್ಲಿ ನರ್ಸ್, ಈಗ ಡಿಎನ್‌ಪಿ ಓದುತ್ತಿದ್ದೇನೆ. ಹಾರ್ಟ್ ಫೇಲ್ಯೂರ್ ರೋಗಿಗಳಿಗೆ ಡಿಸ್ಚಾರ್ಜ್ ಹೊತ್ತಿನಲ್ಲಿ ವಿಷಯ ವಿವರಿಸಿ, ಅವರ ಬಾಯಿಂದಲೇ ವಾಪಸ್ ಹೇಳಿಸುವ ಪ್ರಾಜೆಕ್ಟ್ ಮಾಡಬೇಕೆಂದಿದ್ದೆ. ನಮ್ಮ ಫ್ಲೋರ್ ಮ್ಯಾನೇಜರ್ ‘ಅದು ಬೇಡ, ಕ್ಯಾಥೆಟರ್ ಸೋಂಕು ಜಾಸ್ತಿಯಾಗಿದೆ, ಅದನ್ನು ಮಾಡು’ ಅನ್ನುತ್ತಿದ್ದಾರೆ. ಪ್ರೊಫೆಸರ್ ‘ನಿನ್ನ ಇಷ್ಟ’ ಅಂತಾರೆ. ದಾವಣಗೆರೆಯಲ್ಲಿರುವ ನಮ್ಮತ್ತೆ ‘ಇದು ಪಿಎಚ್.ಡಿ.ನಾ, ಡಾಕ್ಟರಾ?’ ಎಂದು ಕೇಳುತ್ತಾರೆ, ಅದಕ್ಕೂ ಉತ್ತರ ಹೇಳಿ!
– ಓದುಗಿ, ಟೆಕ್ಸಾಸ್

ಮೊದಲು ಅತ್ತೆಯವರಿಗೆ. ಡಿಎನ್‌ಪಿ ಎಂದರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್. ಇದೂ ಡಾಕ್ಟರೇಟೇ, ಆದರೆ ಪಿಎಚ್.ಡಿ. ಅಲ್ಲ. ಪಿಎಚ್.ಡಿ. ಮಾಡುವವರು ಹೊಸದನ್ನು ಕಂಡುಹಿಡಿಯಬೇಕು. ಡಿಎನ್‌ಪಿ ಮಾಡುವವರು ಕಂಡುಹಿಡಿದದ್ದನ್ನು ಆಸ್ಪತ್ರೆಯಲ್ಲಿ ನಡೆಸಿ ತೋರಿಸಬೇಕು. ಕೆಂಟಕಿ ವಿಶ್ವವಿದ್ಯಾಲಯ 2001ರಲ್ಲಿ ಇದನ್ನು ಶುರು ಮಾಡಿತು, 2004ರಲ್ಲಿ ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ ಇದಕ್ಕೆ ಒಪ್ಪಿಗೆ ಕೊಟ್ಟಿತು. ಬಿ.ಎಸ್ಸಿ. ಪದವಿಯ ನಂತರ ನಿಗದಿತ ಗಂಟೆಗಳ ಪ್ರಾಯೋಗಿಕ ಅಭ್ಯಾಸವೂ ಬೇಕು. ‘ಸೊಸೆ ಡಾಕ್ಟರ್ ಆದಳು, ಆಪರೇಷನ್ ಮಾತ್ರ ಮಾಡಲ್ಲ’ ಎಂದು ಅತ್ತೆ ಧೈರ್ಯವಾಗಿ ಹೇಳಿಕೊಳ್ಳಲಿ.

ಈಗ ನಿಮ್ಮ ಮ್ಯಾನೇಜರ್ ಮಾತು. ನನ್ನನ್ನು ಕೇಳಿದರೆ, ಕ್ಯಾಥೆಟರ್, ಅಂದರೆ ಮೂತ್ರದ ನಳಿಕೆಯ ವಿಷಯವನ್ನೇ ತಗೊಳ್ಳಿ. ನಿಮ್ಮ ವಿಷಯ ಕೆಟ್ಟದ್ದು ಅಂತಲ್ಲ. ಎರಡರ ಹಿಂದೆಯೂ ದುಡ್ಡಿನ ಕಾರಣ ಇದೆ. ಆಸ್ಪತ್ರೆಯಲ್ಲಿ ಬಂದ ಕ್ಯಾಥೆಟರ್ ಸೋಂಕಿಗೆ ಹೆಚ್ಚುವರಿ ಹಣ ಕೊಡುವುದನ್ನು ಅಲ್ಲಿನ ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ, 2008ರ ಅಕ್ಟೋಬರ್‌ನಿಂದ ನಿಲ್ಲಿಸಿದೆ. ಹಾರ್ಟ್ ಫೇಲ್ಯೂರ್ ರೋಗಿಗಳು 30 ದಿನದೊಳಗೆ ಅತಿಯಾಗಿ ವಾಪಸ್ ದಾಖಲಾದರೆ 2012ರ ಅಕ್ಟೋಬರ್‌ನಿಂದ ಪಾವತಿಯಲ್ಲಿ ಕಡಿತ ಇದೆ. ಹಾಗಾಗಿ ಆಸ್ಪತ್ರೆಗೆ ಎರಡೂ ಬೇಕು. ಆದರೆ ಒಂದನ್ನು ನಿಮ್ಮ ಮ್ಯಾನೇಜರ್ ತಾವಾಗಿಯೇ ಕೇಳುತ್ತಿದ್ದಾರೆ. ನಾಳೆ ನಿಮ್ಮ ಪ್ರಾಜೆಕ್ಟ್‌ಗೆಂದು ಮೀಟಿಂಗ್ ಕರೆಯುವವರು, ರಾತ್ರಿ ಪಾಳಿಯವರಿಗೆ ‘ಫಾರ್ಮ್ ತುಂಬಿದಿರಾ’ ಎಂದು ಕೇಳುವವರು ಅವರೇ. ನಿಮ್ಮ ಪ್ರೊಫೆಸರ್ ರಾತ್ರಿ ಮೂರು ಗಂಟೆಗೆ ಫ್ಲೋರಿಗೆ ಬರುವುದಿಲ್ಲ. ಡಿಎನ್‌ಪಿ ಪ್ರಾಜೆಕ್ಟ್ ಹೇಗಿರಬೇಕು ಎಂದು ಅದೇ ಸಂಘ 2015ರಲ್ಲಿ ಹೊರಡಿಸಿದ ಟಿಪ್ಪಣಿಯಲ್ಲಿ, ಮಾಡಿದ ಬದಲಾವಣೆ ಮುಂದೆಯೂ ನಿಲ್ಲುವ ಯೋಜನೆ ಇರಬೇಕು ಎಂದಿದೆ. ಅದನ್ನು ನಿಲ್ಲಿಸಬಲ್ಲವರು ಯಾರು, ನೀವಾ? ನೀವು ಪದವಿ ತಗೊಂಡು ಬೇರೆ ಕೆಲಸಕ್ಕೆ ಹೋಗುತ್ತೀರಿ.

ಆದರೆ ಒಂದು ಹಳ್ಳ ಇದೆ, ನೋಡಿಕೊಂಡು ಹೆಜ್ಜೆ ಇಡಿ. ‘ಸೋಂಕು ಇಳಿಸುತ್ತೇನೆ’ ಎಂದು ಗುರಿ ಬರೆಯಬೇಡಿ. ಲೆಕ್ಕ ಮಾಡೋಣ. ನಿಮ್ಮ ಫ್ಲೋರಿನಲ್ಲಿ ದಿನಕ್ಕೆ ಸುಮಾರು 6 ರೋಗಿಗಳಿಗೆ ಕ್ಯಾಥೆಟರ್ ಇದೆ ಎಂದುಕೊಳ್ಳಿ. ಒಬ್ಬ ರೋಗಿಗೆ ಒಂದು ದಿನ ಕ್ಯಾಥೆಟರ್ ಇದ್ದರೆ ಅದು ಒಂದು ಕ್ಯಾಥೆಟರ್-ದಿನ, ಹಾಗಾಗಿ 30 ದಿನಕ್ಕೆ 180 ಕ್ಯಾಥೆಟರ್-ದಿನ. ಸೋಂಕಿನ ದರ ಹೇಳುವುದು 1000 ಕ್ಯಾಥೆಟರ್-ದಿನಕ್ಕೆ. ಆ ತಿಂಗಳು ಒಬ್ಬರಿಗೆ ಸೋಂಕು ಬಂದರೆ ದರ 5.6. ಮುಂದಿನ ತಿಂಗಳು ಯಾರಿಗೂ ಬರದಿದ್ದರೆ ಸೊನ್ನೆ. ಅದರ ಮುಂದಿನ ತಿಂಗಳು ಇಬ್ಬರಿಗೆ ಬಂದರೆ 11 ದಾಟುತ್ತದೆ. ಒಬ್ಬ ರೋಗಿ ಆಚೀಚೆ ಆದರೆ ಗ್ರಾಫ್ ಹೀಗೆ ಕುಣಿಯುತ್ತದೆ. ಹನ್ನೆರಡು ವಾರದ ಪ್ರಾಜೆಕ್ಟ್‌ನಲ್ಲಿ ಅದು ಇಳಿದರೂ ನಿಮ್ಮಿಂದ ಇಳಿಯಿತು ಎನ್ನಲಾಗದು, ಏರಿದರೂ ನಿಮ್ಮ ತಪ್ಪು ಎನ್ನಲಾಗದು.

ಹಾಗಾಗಿ ಕೆಲಸವನ್ನೇ ಅಳೆಯಿರಿ. ‘ಈ ರೋಗಿಗೆ ಇವತ್ತೂ ಕ್ಯಾಥೆಟರ್ ಬೇಕೇ’ ಎಂದು ಪ್ರತಿದಿನ ಕೇಳಿದರೇ? ನೂರು ಕ್ಯಾಥೆಟರ್-ದಿನದಲ್ಲಿ ಎಷ್ಟು ದಿನ ಕೇಳಿದರು? ಬೇಡ ಎಂದ ಮೇಲೆ ತೆಗೆಯಲು ಎಷ್ಟು ಗಂಟೆ ಹಿಡಿಯಿತು? ಅಷ್ಟು ರೋಗಿಗಳಿಗೆ ಕ್ಯಾಥೆಟರ್ ಇದ್ದ ಒಟ್ಟು ದಿನಗಳು ಇಳಿದವೇ? ಇವು ವಾರ ವಾರ ಕಣ್ಣಿಗೆ ಕಾಣುವ ಅಂಕಿಗಳು. ಸೋಂಕಿನ ದರವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ, ಆದರೆ ನಿಮ್ಮ ಪದವಿಯನ್ನು ಅದಕ್ಕೆ ಕಟ್ಟಬೇಡಿ. ಈ ಅಂಕಿಗಳಲ್ಲಿ ಯಾವುದನ್ನು ಆಸ್ಪತ್ರೆಯ ಸೋಂಕು ನಿಯಂತ್ರಣ ವಿಭಾಗ ಈಗಾಗಲೇ ತೆಗೆಯುತ್ತಿದೆ ಎಂದು ಕೇಳಿ. ಅವರು ತೆಗೆಯುತ್ತಿರುವುದನ್ನು ನೀವು ಮತ್ತೆ ಎಣಿಸಬೇಕಿಲ್ಲ.

ಇನ್ನು ಐಆರ್‌ಬಿ ಒಪ್ಪಿಗೆಯ ಮಾತು. ಐಆರ್‌ಬಿ ಎಂದರೆ ಅಲ್ಲಿನ ಎಥಿಕ್ಸ್ ಕಮಿಟಿ. ಎಲ್ಲರಿಗೂ ಅನ್ವಯಿಸುವ ಜ್ಞಾನ ಹುಟ್ಟಿಸಲು ಮಾಡಿದ ಕ್ರಮಬದ್ಧ ಅಧ್ಯಯನವನ್ನು ಮಾತ್ರ ಅಮೆರಿಕದ ಕೇಂದ್ರ ನಿಯಮ ಸಂಶೋಧನೆ ಎಂದು ಕರೆಯುತ್ತದೆ. ಒಂದು ಫ್ಲೋರಿನ ಗುಣಮಟ್ಟ ಸುಧಾರಿಸುವ ಕೆಲಸ ಸಾಮಾನ್ಯವಾಗಿ ಅದರಾಚೆ. ಆದರೆ ‘ಇದು ಸಂಶೋಧನೆ ಅಲ್ಲ’ ಎಂದು ನೀವೇ ತೀರ್ಮಾನ ಮಾಡಿಕೊಳ್ಳಬೇಡಿ, ಅವರಿಂದ ಬರಹದಲ್ಲಿ ಪಡೆಯಿರಿ. ವಿಶ್ವವಿದ್ಯಾಲಯದ ಕಮಿಟಿಯೂ ಆಸ್ಪತ್ರೆಯ ಕಮಿಟಿಯೂ ಬೇರೆಬೇರೆ ಇದ್ದರೆ ಯಾರು ಮೊದಲು ನೋಡಬೇಕು ಎಂದು ಸೆಮಿಸ್ಟರ್ ಶುರುವಿಗೇ ಕೇಳಿ. ಇವರು ಅವರ ಪತ್ರ ತನ್ನಿ ಅನ್ನುತ್ತಾರೆ, ಅವರು ಇವರ ಪತ್ರ ತನ್ನಿ ಅನ್ನುತ್ತಾರೆ, ಇದು ನಮ್ಮೂರಲ್ಲಿ ಮಾತ್ರ ಎಂದುಕೊಂಡಿದ್ದೀರಾ? ಎರಡು ಸಂಸ್ಥೆಗಳ ನಡುವೆ ಒಪ್ಪಂದ ಪತ್ರ ಆಗಿದೆಯೇ ಎಂಬುದನ್ನೂ ಈಗಲೇ ನೋಡಿ. ಅದು ವಕೀಲರ ಕೈಗೆ ಹೋದರೆ ಬೇಗ ಬರುವುದಿಲ್ಲ.

ಇನ್ನೊಂದು ಗುಟ್ಟು. ನಿಮ್ಮ ಆಸ್ಪತ್ರೆಗೆ ಮ್ಯಾಗ್ನೆಟ್ ಮಾನ್ಯತೆ (ಒಳ್ಳೆಯ ನರ್ಸಿಂಗ್‌ಗೆ ಅಲ್ಲಿ ಕೊಡುವ ಮನ್ನಣೆ) ಇದ್ದರೆ, ಅಥವಾ ಅದಕ್ಕೆ ಪ್ರಯತ್ನ ನಡೆದಿದ್ದರೆ, ನರ್ಸ್‌ಗಳೇ ಮಾಡಿದ ಸಂಶೋಧನೆ ಮತ್ತು ಸುಧಾರಣೆಯ ಪುರಾವೆ ಅವರಿಗೆ ಬೇಕೇ ಬೇಕು. ನೀವು ಬೇಡುವವರಲ್ಲ, ಅವರಿಗೂ ನಿಮ್ಮಿಂದ ಆಗಬೇಕಾದ್ದು ಇದೆ. ಇದನ್ನು ತಿಳಿದುಕೊಂಡು ಮಾತಾಡಿ. ಡಿಸ್ಚಾರ್ಜ್ ವಿಷಯವನ್ನು ಕೈಬಿಡಬೇಡಿ, ಮುಂದಿನ ಬ್ಯಾಚಿನ ಯಾರಿಗಾದರೂ ಅದೇ ಫ್ಲೋರಿನಲ್ಲಿ ದಾಟಿಸಿ.

ನಮ್ಮ ತಾಯಿಗೆ ಸ್ಟ್ರೋಕ್ ಆಗಿ ಆಸ್ಪತ್ರೆಯಲ್ಲಿದ್ದರು. ಪಿಎಚ್.ಡಿ. ಮಾಡುತ್ತಿರುವ ಒಬ್ಬರು ಬಂದು ‘ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತೇವೆ, ಇಲ್ಲಿ ಸಹಿ ಹಾಕಿ’ ಎಂದರು. ಫಾರ್ಮ್ ಇಂಗ್ಲಿಷಿನಲ್ಲಿತ್ತು. ಪಕ್ಕದಲ್ಲಿ ವಾರ್ಡಿನ ಸಿಸ್ಟರ್ ನಿಂತಿದ್ದರು, ಇಲ್ಲ ಅನ್ನಲು ಹಿಂಜರಿದು ಸಹಿ ಹಾಕಿದೆ. ತಾಯಿಗೆ ಓದಲು ಬರುವುದಿಲ್ಲ. ಈಗ ಬೇಡ ಎನ್ನಬಹುದೇ?
– ಓದುಗ, ತುಮಕೂರು

ಎನ್ನಬಹುದು. ಯಾವಾಗ ಬೇಕಾದರೂ, ಕಾರಣ ಹೇಳದೆಯೂ. ಅದರಿಂದ ಚಿಕಿತ್ಸೆಗೆ ಏನೂ ಆಗಬಾರದು, ಆಗುವುದೂ ಇಲ್ಲ. ಇದು ಅವರ ಔದಾರ್ಯ ಅಲ್ಲ, ನಿಯಮ.

ಮಾಹಿತಿ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕಿತ್ತು. ಅದರಲ್ಲಿ ಸಂಶೋಧಕರ ಹೆಸರು, ಎಥಿಕ್ಸ್ ಕಮಿಟಿಯ ಮೆಂಬರ್ ಸೆಕ್ರೆಟರಿಯ ಫೋನ್ ನಂಬರ್ ಇರಬೇಕು, ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು. ಓದಲು ಬಾರದವರಿಗೆ, ಅಧ್ಯಯನಕ್ಕೆ ಸಂಬಂಧ ಇಲ್ಲದ, ಓದುಬರಹ ಬಲ್ಲ ಒಬ್ಬ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಬೇಕು. ತಾಯಿಗೆ ಎಚ್ಚರ ಇರಲಿಲ್ಲ ಎಂದು ನಿಮ್ಮ ಸಹಿ ತಗೊಂಡಿದ್ದರೆ ಸರಿ. ಆದರೆ ಈಗ ಅವರು ಮಾತಾಡುವಂತಾಗಿದ್ದರೆ ಅವರನ್ನೇ ಮತ್ತೆ ಕೇಳಬೇಕು.

ಹಾಗೆಂದು ಸುಮ್ಮನೆ ಹೆದರಿ ಬೇಡ ಎನ್ನಬೇಡಿ. ನರ್ಸಿಂಗ್ ಅಧ್ಯಯನಗಳಲ್ಲಿ ಹೆಚ್ಚಿನವು ಹೊಸ ಔಷಧದ್ದಲ್ಲ. ನುಂಗುವ ಅಭ್ಯಾಸ, ಕೈಕಾಲು ವ್ಯಾಯಾಮ, ಮನೆಯವರಿಗೆ ಆರೈಕೆ ಕಲಿಸುವುದು ಇಂಥವು. ನಿಮ್ಮ ತಾಯಿಗೆ ಏನು ಮಾಡುತ್ತಾರೆ ಎಂದು ಕೇಳಿ, ತಿಳಿದುಕೊಂಡು ಆಮೇಲೆ ತೀರ್ಮಾನ ಮಾಡಿ.

ಪಿಎಚ್.ಡಿ. ಶುರು ಮಾಡಿದ ಮೇಲೆ ಮದುವೆ, ಮಗು. ಡೇಟಾ ತೆಗೆಯಬೇಕಿದ್ದ ಆಸ್ಪತ್ರೆಯ ಆಡಳಿತವೂ ಬದಲಾಗಿ ಅನುಮತಿ ಮತ್ತೆ ಮೊದಲಿಂದ. ಸಮಯ ಮುಗಿದುಹೋದರೆ?
– ಓದುಗಿ, ಶಿವಮೊಗ್ಗ

ಯುಜಿಸಿಯ 2022ರ ನಿಯಮದ ಪ್ರಕಾರ 6 ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೆರಡು, ಮಹಿಳೆಯರಿಗೆ ಅದರ ಮೇಲೆ ಇನ್ನೆರಡು. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ನಿಮ್ಮ ವಿಶ್ವವಿದ್ಯಾಲಯ ತನ್ನ ನಿಯಮದಲ್ಲಿ ಇದನ್ನು ಹೇಗೆ ಬರೆದುಕೊಂಡಿದೆ ಎಂದು ನೋಡಿ, ಅರ್ಜಿಯನ್ನು ಗಡುವು ಮುಗಿಯುವ ಮೊದಲೇ ಕೊಡಿ. ಹಳೆಯ ಅನುಮತಿ ಪತ್ರ, ಎಥಿಕ್ಸ್ ಪತ್ರ ಎರಡನ್ನೂ ಹಿಡಿದು ಹೊಸ ಆಡಳಿತದ ಹತ್ತಿರ ಹೋಗಿ. ಸೂಪರಿಂಟೆಂಡೆಂಟ್ ಅವರೇ ಮುಂದುವರಿದಿದ್ದರೆ ಮೊದಲಿಂದ ಶುರು ಆಗುವುದಿಲ್ಲ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಒಬ್ಬರ ಪಿಎಚ್.ಡಿ.ಗೆ ರಾತ್ರಿ ಪಾಳಿಯ ಡೇಟಾ ಪೂರ್ತಿ ನಾನೇ ತೆಗೆದುಕೊಟ್ಟೆ. ಲೇಖನ ಪ್ರಕಟವಾಯಿತು, ನನ್ನ ಹೆಸರು ಎಲ್ಲೂ ಇಲ್ಲ.
– ಓದುಗ, ಕಲಬುರಗಿ

ಬೇಸರ ನ್ಯಾಯವಾದದ್ದು. ಆದರೆ ಎರಡು ಬೇರೆ ವಿಷಯ ಇದೆ. ಲೇಖಕರ ಸಾಲಿನಲ್ಲಿ ಹೆಸರು ಬರಬೇಕಾದರೆ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಒಪ್ಪಿಕೊಂಡ ನಾಲ್ಕು ಶರತ್ತುಗಳಿವೆ. ಕೆಲಸದಲ್ಲಿ ಗಣನೀಯ ಪಾಲು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಕೊನೆಯ ಕರಡಿಗೆ ಒಪ್ಪಿಗೆ, ಬರೆದದ್ದಕ್ಕೆಲ್ಲ ಹೊಣೆ. ನಾಲ್ಕೂ ಬೇಕು. ಬರೀ ಡೇಟಾ ತೆಗೆದುಕೊಟ್ಟವರ ಹೆಸರು ಕೃತಜ್ಞತೆಯ ಜಾಗದಲ್ಲಿ ಬರಬೇಕು. ಅದೂ ಬಂದಿಲ್ಲ ಎಂದರೆ ಸಂಶೋಧಕರಿಗೆ, ಅವರ ಗೈಡ್‌ಗೆ ಒಂದು ಮೇಲ್ ಬರೆಯಿರಿ. ಪ್ರಕಟವಾದ ಮೇಲೂ ಪತ್ರಿಕೆಗೆ ತಿದ್ದುಪಡಿ ಕೇಳಲು ಅವಕಾಶ ಇದೆ.

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಹೆಚ್ಚಿನವರು ಓದಿರುವುದಿಲ್ಲ: ಮೊದಲ ಶರತ್ತು ಪೂರೈಸಿದವರಿಗೆ ಬರೆಯುವುದರಲ್ಲಿ ಸೇರಿಕೊಳ್ಳಲು ಅವಕಾಶ ಕೊಡಬೇಕು. ಹಾಗಾಗಿ ಮುಂದಿನ ಸಲ ಯಾರಾದರೂ ‘ರಾತ್ರಿ ಡೇಟಾ ತೆಗೆದುಕೊಡ್ತೀರಾ ಬ್ರದರ್’ ಎಂದು ಬಂದರೆ, ಒಪ್ಪುವ ಮೊದಲೇ ಕೇಳಿ: ಬರೀ ನಮೂನೆ ತುಂಬುವುದೋ, ಬರವಣಿಗೆಯಲ್ಲೂ ನಾನು ಇರುತ್ತೇನೋ? ಉತ್ತರವನ್ನು ಒಂದು ಸಾಲು ಮೇಲ್‌ನಲ್ಲಿ ಬರೆಸಿಕೊಳ್ಳಿ, ಸೂಪರಿಂಟೆಂಡೆಂಟ್‌ಗೆ ಒಂದು ಪ್ರತಿ ಹೋಗಲಿ.